ಚಿಗರಿ ಬಸ್ಸು ಬರುವಷ್ಟರಲ್ಲಿ: ಒಂದು ಕಿರು ಥ್ರಿಲ್ಲರ್ ಎಡಿಟ್ ಮಾಡಿದ ಅನುಭವ

ನಮ್ಮ ಕಥೆ ಇಷ್ಟೇ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗ. ರಾತ್ರಿ ಹುಬ್ಬಳ್ಳಿಯಿಂದ, ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದಾನೆ. ರೂಮಿನ ಬಾಗಿಲಿಗೆ ಹಾಕಿದ ಬೀಗ ಹಾಗೇ ಇದೆ. ಆದರೆ ಹಿಂದಿನ ಕಿಟಕಿಯಿಂದ ನುಗ್ಗಿದ ಒಬ್ಬ ಒಳಗೆ ಕೂತಿದ್ದಾನೆ, ಕೈಯಲ್ಲಿ ರಾಡು.

ಸ್ಕ್ರಿಪ್ಟಿನಲ್ಲಿ ಈ ಮನುಷ್ಯ ಕಾಣಿಸುತ್ತಿದ್ದದ್ದು ಕೊನೆಗೆ. ನಾನು ಎಡಿಟಿಂಗಿನಲ್ಲಿ ಅವನನ್ನು ಮೊದಲ ನಿಮಿಷಕ್ಕೇ ತಂದೆ. ನಿರ್ದೇಶಕ ಗೆಳೆಯ ತಕರಾರು ತೆಗೆದ: ‘ಸಸ್ಪೆನ್ಸೇ ಹೋಯ್ತಲ್ಲ!’ ಹೋಗಲ್ಲ, ಶುರುವಾಗೋದೇ ಅಲ್ಲಿಂದ. ಥ್ರಿಲ್ಲರ್‌ಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ ಹೇಳುತ್ತಿದ್ದ ಬಾಂಬಿನ ಲೆಕ್ಕ ಇದು. ಟೇಬಲ್ ಕೆಳಗಿನ ಬಾಂಬ್ ಏಕಾಏಕಿ ಸಿಡಿದರೆ ಒಮ್ಮೆ ಬೆಚ್ಚಿಬೀಳುತ್ತೇವೆ, ಮುಗೀತು. ಅದು ಅಲ್ಲಿದೆ ಅಂತ ನಮಗೆ ಮೊದಲೇ ಗೊತ್ತಿದ್ದರೆ, ಟೇಬಲ್ ಸುತ್ತ ಕೂತವರ ಕಾಡುಹರಟೆಯೂ ಜೀವ ಹಿಂಡುತ್ತದೆ.

ಆಮೇಲೆ ಬಸ್ಸು, ರೂಮು, ಬಸ್ಸು, ರೂಮು. ಉಣಕಲ್, ನವನಗರ, ಸತ್ತೂರು ಎಂದು ಸ್ಟಾಪುಗಳು ಬರುತ್ತಿದ್ದಂತೆ ನಮ್ಮ ಕಡೆಯವರಿಗೆ ಹುಡುಗ ಎಷ್ಟು ಹತ್ತಿರ ಬಂದ ಅಂತ ತಾನೇ ಗೊತ್ತಾಗುತ್ತದೆ. ಬೇರೆ ಊರಿನವರಿಗೆ? ಅದಕ್ಕೇ ಪ್ರತಿ ಸಲವೂ ಬಸ್ಸಿನಲ್ಲಿ ಖಾಲಿ ಸೀಟು ಜಾಸ್ತಿ ಕಾಣುವ ಶಾಟನ್ನೇ ಆರಿಸಿದೆ.

ಥ್ರಿಲ್ಲರ್ ಅಂದರೆ ಎಲ್ಲ ಕಡೆಯೂ ಪಟಪಟ ಕಟ್ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಬಸ್ಸಿನ ಶಾಟುಗಳನ್ನು 6 ಸೆಕೆಂಡಿನಿಂದ 4ಕ್ಕೆ, 2ಕ್ಕೆ ಇಳಿಸುತ್ತಾ ಬಂದೆ. ರೂಮಿನ ಶಾಟುಗಳನ್ನು ಮಾತ್ರ ಉದ್ದ ಮಾಡುತ್ತಾ ಹೋದೆ. ಒಬ್ಬ ಹತ್ತಿರ ಬರುತ್ತಿದ್ದಾನೆ, ಇನ್ನೊಬ್ಬ ಕಾಯುತ್ತಿದ್ದಾನೆ. ಇಬ್ಬರ ಹೊತ್ತೂ ಒಂದೇ ತರ ಹೇಗೆ ಸಾಗುತ್ತದೆ?

ಒಳಗೆ ಕೂತ ನಟ ಒಳ್ಳೆಯ ಕಲಾವಿದ, ಆದರೆ ನಾಟಕದವನು. ಕಣ್ಣು ಅರಳಿಸಿ, ಹಲ್ಲು ಕಡಿದು ಹಿಂದಿನ ಸಾಲಿನವರಿಗೂ ಕಾಣುವಂತೆ ಅಭಿನಯಿಸಿದ್ದ. ಅದನ್ನೆಲ್ಲ ಬಿಟ್ಟೆ. ‘ಆ್ಯಕ್ಷನ್’ ಅನ್ನುವ ಮೊದಲು, ಲೈಟ್ ಸರಿಮಾಡಲಿ ಅಂತ ಅವನು ಸುಮ್ನೆ ಕೂತಿದ್ದ ತುಣುಕುಗಳು ಸಿಕ್ಕವು. ಖಾಲಿ ಮುಖ. ಅದರ ಮುಂದೆ ಬೀಗದ ಶಾಟ್ ಇಟ್ಟರೆ ಕೊಲೆಗಾರ, ಮೇಜಿನ ಮೇಲಿನ ಹುಡುಗನ ಅಮ್ಮನ ಫೋಟೋ ಇಟ್ಟರೆ ಎರಡು ಮನಸ್ಸಿನ ಮನುಷ್ಯ. ರಷ್ಯಾದ ಸಿನಿಮಾ ನಿರ್ದೇಶಕ ಕುಲೆಶೋವ್ ಸುಮಾರು 100 ವರ್ಷದ ಹಿಂದೆಯೇ ಮಾಡಿ ತೋರಿಸಿದ್ದು ಇದನ್ನೇ. ನಟನಿಗೆ ಇದನ್ನು ಇನ್ನೂ ಹೇಳಿಲ್ಲ, ಬೇಜಾರಾಗಬಹುದು.

ಜಾಸ್ತಿ ಹೊತ್ತು ಹಿಡಿದದ್ದು ಬೀಗ ತೆರೆಯುವ ಜಾಗ. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಕೀಲಿ ಬೀಗಕ್ಕೆ ತಾಗುವ 8 ಫ್ರೇಮ್ ಮೊದಲೇ ಕಟ್ ಮಾಡಿದೆ. ತಾಗಿದ್ದು ಕಾಣುವುದಿಲ್ಲ. ಕೀಲಿ ತಿರುಗುವ ಸದ್ದು ಒಳಗಿನವನ ಮುಖದ ಮೇಲೆ ಬೀಳುತ್ತದೆ, ಅವನ ಕಣ್ಣು ಬಾಗಿಲ ಕಡೆ ಹೊರಳುತ್ತದೆ. ಅದಕ್ಕೂ ಮೊದಲು, ಹುಡುಗ ಮೆಟ್ಟಿಲು ಹತ್ತುವಾಗ, ರೂಮಿನ ಹಳೇ ಫ್ಯಾನಿನ ಕಿರಿಕಿರಿ ಸದ್ದನ್ನು ತೆಗೆದುಬಿಟ್ಟಿದ್ದೆ. ಕರೆಂಟ್ ಹೋಯ್ತು ಅಂತ ತೋರಿಸಲು ಒಂದು ಶಾಟ್ ಸಾಕಾಯಿತು. ಗೆಳೆಯರಿಗೆ ಹಾಕಿ ತೋರಿಸಿದಾಗ ನಾನು ಪರದೆ ನೋಡಲಿಲ್ಲ, ಅವರ ಕೈ ನೋಡಿದೆ. ಫ್ಯಾನ್ ನಿಂತಲ್ಲಿ ಗಿರ್ಮಿಟ್ ತಿನ್ನುವುದೂ ನಿಂತಿತು.

ಬಾಗಿಲು ತೆರೆಯುವವರೆಗೂ ಹಿನ್ನೆಲೆ ಸಂಗೀತ ಹಾಕಿಲ್ಲ. ಸಂಗೀತ ಮಾಡಿದ ಹುಡುಗನಿಗೆ ಅದಿನ್ನೂ ಸಮಾಧಾನವಿಲ್ಲ. ಅವನ ಟ್ರ್ಯಾಕ್ ಚೆನ್ನಾಗೇ ಇತ್ತು, ಕೊನೆಯ ಹೆಸರುಗಳ ಜೊತೆ ಪೂರ್ತಿ ಬರುತ್ತದೆ.