ಫೋನ್ ಕೊಳ್ಳುವಾಗ ಓದಿ ನೋಡಬೇಕಾದ್ದು, ಹಿಡಿದು ನೋಡಬೇಕಾದ್ದು

15ರಿಂದ 20 ಸಾವಿರ ರೂಪಾಯಿಯ ಫೋನುಗಳ ಡಬ್ಬಿಯ ಮೇಲೆ ಬರೆದಿರುವುದು ಹೆಚ್ಚುಕಮ್ಮಿ ಒಂದೇ: 8 ಜಿಬಿ ರ್‍ಯಾಮ್, 50 ಮೆಗಾಪಿಕ್ಸೆಲ್, 120 ಹರ್ಟ್ಜ್, 5000 ಎಂಎಎಚ್. ಆದರೂ ಎರಡು ವರ್ಷ ಕಳೆದಾಗ ಒಂದು ಫೋನು ಸಲೀಸಾಗಿ ಓಡುತ್ತಿರುತ್ತದೆ, ಇನ್ನೊಂದು ಪ್ರಾಣ ತಿನ್ನುತ್ತಿರುತ್ತದೆ. ಕೆಲವು ಸಂಗತಿಗಳು ಅಂಗಡಿಯಲ್ಲಿ ಎಷ್ಟು ಹೊತ್ತು ಹಿಡಿದು ನೋಡಿದರೂ ಗೊತ್ತಾಗುವುದಿಲ್ಲ, ಓದಿಯೇ ತಿಳಿಯಬೇಕು. ಇನ್ನು ಕೆಲವು ಎಷ್ಟು ಓದಿದರೂ ತಿಳಿಯುವುದಿಲ್ಲ, ಕೈಯಲ್ಲೇ ನೋಡಬೇಕು. ಇವೆರಡನ್ನು ಮೊದಲು ಬೇರೆ ಮಾಡಿಕೊಳ್ಳಿ.

ಅದಕ್ಕೂ ಮುಂಚೆ ಹಳೆಯ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ತೆರೆದು, ದಿನಕ್ಕೆ ಯಾವ ಆ್ಯಪ್ ಎಷ್ಟು ಹೊತ್ತು ಬಳಸುತ್ತೀರಿ ಎಂದು ನೋಡಿ. ವಾಟ್ಸಾಪ್, ಯೂಟ್ಯೂಬ್, ಯುಪಿಐ ಇಷ್ಟೇ ಮೇಲೆ ಬಂದರೆ ಗೇಮಿಂಗ್ ಚಿಪ್ಪಿಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ಹಾಗೆಯೇ ಸ್ಟೋರೇಜ್ ಎಷ್ಟು ತುಂಬಿದೆ ನೋಡಿ. ಈಗಲೇ 80 ಜಿಬಿ ತುಂಬಿದ್ದರೆ 128 ಜಿಬಿ ಸಾಲುವುದಿಲ್ಲ, ಅದರಲ್ಲಿ ಒಂದು ಪಾಲನ್ನು ಸಿಸ್ಟಮ್ಮೇ ತಿನ್ನುತ್ತದೆ.

ಮನೆಯಲ್ಲಿ ಕೂತು ಓದಬೇಕಾದ್ದು

ಸ್ಟೋರೇಜ್ ಎಷ್ಟು ಎನ್ನುವುದಕ್ಕಿಂತ ಯಾವ ಬಗೆಯದು ಎನ್ನುವುದು ಮುಖ್ಯ. ಇಎಂಎಂಸಿ 5.1 ಎಂಬ ಹಳೆಯ ಬಗೆ ಸೆಕೆಂಡಿಗೆ ಸುಮಾರು 300 ಎಂಬಿ ಓದಿದರೆ, ಯುಎಫ್‌ಎಸ್ 2.2 ಎಂಬ ಬಗೆ ಅದರ ಸುಮಾರು ಮೂರು ಪಟ್ಟು ಓದುತ್ತದೆ. ಹೊಸ ಫೋನಿನಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣಿಸುವುದಿಲ್ಲ. ವರ್ಷ ಕಳೆದು, ಸ್ಟೋರೇಜ್ ತುಂಬಿ, ಹಿಂದೆ ನಾಲ್ಕು ಆ್ಯಪ್ ಅಪ್‌ಡೇಟ್ ಆಗುತ್ತಿರುವಾಗ ಕ್ಯಾಮೆರಾ ತೆರೆದರೆ ಕಾಣಿಸುತ್ತದೆ. ಆಗ ‘ರ್‍ಯಾಮ್ ಸಾಲದು, ಅದಕ್ಕೇ ಹ್ಯಾಂಗ್ ಆಗ್ತಿದೆ’ ಎನ್ನುವವರೇ ಹೆಚ್ಚು, ಆದರೆ ಎಷ್ಟೋ ಸಲ ತಪ್ಪು ಸ್ಟೋರೇಜಿನದು. ‘8+8 ಜಿಬಿ ರ್‍ಯಾಮ್’ ಎಂಬ ಬರಹದಲ್ಲಿ ಎರಡನೆಯ 8 ಸ್ಟೋರೇಜಿನಿಂದ ಎರವಲು ತಂದದ್ದು. ಅದಕ್ಕೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಚಿಪ್ಪಿನ ಹೆಸರಿನಲ್ಲಿ ಅಂಕಿ ದೊಡ್ಡದಿದ್ದರೆ ಅದು ಹೊಸದೆಂದು ತಿಳಿಯಬೇಡಿ. ಮೀಡಿಯಾಟೆಕ್ ಎಂಬ ಕಂಪನಿಯ ಡೈಮೆನ್ಸಿಟಿ 1080 ಚಿಪ್ಪು ಮುಂದೆ 7050 ಎಂಬ ಹೆಸರಿನಲ್ಲಿ ಬಂತು, ಒಳಗಿನ ಸರಕು ಅದೇ.

5ಜಿ ಬ್ಯಾಂಡುಗಳ, ಅಂದರೆ ಫೋನು ಹಿಡಿಯಬಲ್ಲ ತರಂಗಗಳ, ಪಟ್ಟಿಯನ್ನು ಪೂರ್ತಿ ಓದಿ. ಎನ್78 ಸಾಮಾನ್ಯವಾಗಿ ಇದ್ದೇ ಇರುತ್ತದೆ. ಜಿಯೋ ಸಿಮ್ ಬಳಸುವವರು ಎನ್28 ಕೂಡ ಇದೆಯೇ ನೋಡಬೇಕು. ಅದು 700 ಮೆಗಾಹರ್ಟ್ಜ್ ತರಂಗ, ದೂರ ಸಾಗುತ್ತದೆ, ಗೋಡೆ ದಾಟುತ್ತದೆ. ಟವರಿನಿಂದ ದೂರವಿರುವ ಮಲೆನಾಡಿನ ಮನೆಗೂ ನಗರದ ನೆಲಮಾಳಿಗೆಗೂ ಇದೇ ಆಸರೆ. ವಿದೇಶದಿಂದ ನೆಂಟರು ತಂದುಕೊಡುವ ಫೋನಾದರೆ ಇಲ್ಲಿನ ನೆಟ್‌ವರ್ಕಿನಲ್ಲಿ ವೋಲ್ಟಿ (4ಜಿ ಮೂಲಕವೇ ಹೋಗುವ ಕರೆ) ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. ಜಿಯೋಗೆ 2ಜಿ, 3ಜಿ ಇಲ್ಲದ್ದರಿಂದ ವೋಲ್ಟಿ ಇಲ್ಲದೆ ಮಾಮೂಲಿ ಕರೆಯೇ ಹೋಗುವುದಿಲ್ಲ.

ಸೆಕ್ಯುರಿಟಿ ಅಪ್‌ಡೇಟಿನ ವರ್ಷಗಳನ್ನು ಸಾಮಾನ್ಯವಾಗಿ ಫೋನು ಬಿಡುಗಡೆಯಾದ ದಿನದಿಂದ ಎಣಿಸುತ್ತಾರೆ, ನೀವು ಕೊಂಡ ದಿನದಿಂದಲ್ಲ. ನಾಲ್ಕು ವರ್ಷ ಕೊಡುತ್ತೇವೆಂದ ಫೋನನ್ನು ಬಿಡುಗಡೆಯಾಗಿ ಎರಡು ವರ್ಷಕ್ಕೆ ಆಫರಿನಲ್ಲಿ ಕೊಂಡರೆ ನಿಮಗೆ ಸಿಗುವುದು ಎರಡೇ. ಬ್ಯಾಂಕಿನ ಆ್ಯಪ್ ಇಟ್ಟುಕೊಳ್ಳುವ ಫೋನಿಗೆ ಇದು ಸಣ್ಣ ವಿಷಯವಲ್ಲ.

ಅಂಗಡಿಯಲ್ಲಿ ಹಿಡಿದು ನೋಡಬೇಕಾದ್ದು

ಡೆಮೊ ಫೋನನ್ನು ಬಾಗಿಲಾಚೆ ಬಿಸಿಲಿಗೆ ಒಯ್ಯಲು ಕೇಳಿ. ಜಾಹೀರಾತಿನ ‘ಪೀಕ್’ ನಿಟ್ಸ್ (ನಿಟ್ಸ್ ಎಂದರೆ ಸ್ಕ್ರೀನಿನ ಬೆಳಕಿನ ಅಳತೆ) ಸಾಮಾನ್ಯವಾಗಿ ಸ್ಕ್ರೀನಿನ ಒಂದು ಚಿಕ್ಕ ಭಾಗದಲ್ಲಿ, ಬೆಳಕು-ನೆರಳು ಎದ್ದುಕಾಣುವ ಎಚ್‌ಡಿಆರ್ ವಿಡಿಯೋ ಓಡುವಾಗ ಸಿಗುವ ಬೆಳಕು. ಆಟೋ ಬ್ರೈಟ್‌ನೆಸ್ ಹಾಕಿ, ಬಿಸಿಲಲ್ಲಿ ಒಂದು ಮೆಸೇಜ್ ಓದಿ. ಅಲ್ಲೇ ನಿಂತು ಐದು ನಿಮಿಷ ವಿಡಿಯೋ ತೆಗೆದು, ಕ್ಯಾಮೆರಾದ ಸುತ್ತ ಬೆರಳಿಟ್ಟು ನೋಡಿ. ಬಿಸಿಯಾದ ಫೋನು ತನ್ನಷ್ಟಕ್ಕೇ ಸ್ಕ್ರೀನಿನ ಬೆಳಕು ತಗ್ಗಿಸುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಗೆ ಕೊಳ್ಳುವವರು ಈ ಪರೀಕ್ಷೆ ಬಿಡಲೇಬಾರದು.

ಕ್ಯಾಮೆರಾದಲ್ಲಿ ಮೆಗಾಪಿಕ್ಸೆಲ್ ಮರೆತುಬಿಡಿ. 50 ಮೆಗಾಪಿಕ್ಸೆಲ್ ಫೋನು ಮಾಮೂಲಿಯಾಗಿ ನಾಲ್ಕು ಪಿಕ್ಸೆಲ್ ಸೇರಿಸಿ 12.5ರ ಫೋಟೋ ಕೊಡುತ್ತದೆ, 108ರದ್ದು ಒಂಬತ್ತು ಸೇರಿಸಿ 12ರದ್ದು. 2 ಮೆಗಾಪಿಕ್ಸೆಲ್‌ನ ಹೆಚ್ಚುವರಿ ಲೆನ್ಸುಗಳು ಬಹುಪಾಲು ಲೆಕ್ಕ ತುಂಬಿಸಲು ಇರುವಂಥವು. ಅಂಗಡಿಯ ಶೋಕೇಸಿನ ಫೋಟೋ ಯಾವ ಫೋನಿನಲ್ಲೂ ಚೆನ್ನಾಗಿಯೇ ಬರುತ್ತದೆ. ಅದರ ಬದಲು ಜೊತೆಗೆ ಬಂದವರಿಗೆ ಕೈ ಬೀಸಲು ಹೇಳಿ, ಒಳಗಿನ ಬೆಳಕಿನಲ್ಲಿ ತೆಗೆದು ಜೂಮ್ ಮಾಡಿ ನೋಡಿ. ಒಐಎಸ್ ಎಂಬ ಕ್ಯಾಮೆರಾ ಅಲುಗಾಟ ತಗ್ಗಿಸುವ ವ್ಯವಸ್ಥೆ ನಿಮ್ಮ ಕೈನಡುಕವನ್ನು ತಡೆಯುತ್ತದೆ, ಓಡುವ ಮಗುವನ್ನು ಹಿಡಿದು ನಿಲ್ಲಿಸುವುದಿಲ್ಲ. ಆಮೇಲೆ ಒಂದು ಬಿಲ್ಲನ್ನು ಹತ್ತಿರದಿಂದ ತೆಗೆಯಿರಿ. ಸೆನ್ಸರ್ ದೊಡ್ಡದಾದಷ್ಟೂ ತೀರ ಹತ್ತಿರದಲ್ಲಿ ಅಂಚಿನ ಅಕ್ಷರ ಮಸುಕಾಗುವುದು ಹೆಚ್ಚು.

ಸಾಧ್ಯವಾದರೆ ನಿಮ್ಮ ಸಿಮ್ ಹಾಕಿ ಒಂದು ಕರೆ ಮಾಡಿ. ಕಿವಿಗಿಟ್ಟ ಕೂಡಲೇ ಸ್ಕ್ರೀನು ಆರಬೇಕು. ಕೆಲವು ಫೋನುಗಳಲ್ಲಿ ಕಿವಿ ಹತ್ತಿರ ಬಂದದ್ದನ್ನು ಗುರುತಿಸುವ ನಿಜವಾದ ಪ್ರಾಕ್ಸಿಮಿಟಿ ಸೆನ್ಸರ್ ಬದಲು ಸಾಫ್ಟ್‌ವೇರ್ ಲೆಕ್ಕಾಚಾರ ಇರುತ್ತದೆ. ಅದು ತಪ್ಪಿದರೆ ಕೆನ್ನೆ ತಾಗಿ ಕರೆ ಮ್ಯೂಟ್ ಆಗುತ್ತದೆ, ಹೋಲ್ಡ್‌ಗೆ ಹೋಗುತ್ತದೆ. ಯಾವ ಜಾಹೀರಾತೂ ಇದನ್ನು ಹೇಳುವುದಿಲ್ಲ.

ಹಿರಿಯರಿಗೆ ಕೊಳ್ಳುತ್ತಿದ್ದರೆ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರದ ಗಾತ್ರ ಪೂರ್ತಿ ಹೆಚ್ಚಿಸಿ, ‘ರಾಷ್ಟ್ರೀಯ’ ಎಂದು ಟೈಪ್ ಮಾಡಿ. ಒತ್ತಕ್ಷರ ಕೆಳಗೆ ಕತ್ತರಿಸಿದಂತೆ ಕಂಡರೆ ಮೆನುಗಳಲ್ಲೂ ಅದೇ ಪಾಡು. ಗದ್ದೆ, ಗಾರೆ, ಪಾತ್ರೆ ಕೆಲಸದಿಂದ ಬೆರಳ ಗೆರೆ ಸವೆದವರಿಗೆ ಸ್ಕ್ರೀನಿನೊಳಗಿನ ಬೆರಳಚ್ಚು ಸೆನ್ಸರಿಗಿಂತ ಪಕ್ಕದ ಬಟನ್ನಿನದೇ ಸಾಮಾನ್ಯವಾಗಿ ವಾಸಿ. ಅವರ ಬೆರಳನ್ನೇ ಇಟ್ಟು ನೋಡಿ, ಆಮೇಲೆ ಅಳಿಸಿ ಬನ್ನಿ.

ಚಾರ್ಜರಿನ ವ್ಯಾಟ್ ಬರೀ ಆರಂಭದ ವೇಗ. 67 ವ್ಯಾಟ್ ಎಂದರೆ ಬ್ಯಾಟರಿ ಶೇಕಡಾ 100 ತುಂಬುವ ತನಕ 67 ಎಂದಲ್ಲ. ಡಬ್ಬಿಯಲ್ಲಿ ಚಾರ್ಜರ್ ಇದೆಯೇ ಕೇಳಿ, ಇಲ್ಲದಿದ್ದರೆ ಅದರ ಬೆಲೆಯನ್ನೂ ಕೂಡಿಸಿಯೇ ಎರಡು ಫೋನು ಹೋಲಿಸಿ.

ದುಡ್ಡು ಕೊಡುವ ಮುನ್ನ ಸೀಲ್ ಒಡೆಸಿ, *#06# ಒತ್ತಿ. ಬರುವ ಐಎಂಇಐ, ಅಂದರೆ ಪ್ರತಿ ಫೋನಿಗೂ ಬೇರೆಯಾದ ಗುರುತಿನ ಸಂಖ್ಯೆ, ಡಬ್ಬಿಯಲ್ಲೂ ಬಿಲ್ಲಿನಲ್ಲೂ ಒಂದೇ ಇರಬೇಕು. ಇಂಗ್ಲಿಷ್‌ನಲ್ಲಿ ಕೆವೈಎಂ ಎಂಬ ಮೂರಕ್ಷರ ಬರೆದು, ಜಾಗ ಬಿಟ್ಟು ಆ 15 ಅಂಕಿ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಫೋನಿನ ಕಂಪನಿ, ಮಾಡೆಲ್ ವಿವರ ಬರುತ್ತದೆ.