ಎರಡನೇ ಸಲ ಬರೆದ ಅರ್ಜಿ

ಪರಿಸರ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ತರಬೇತಿ ಕೊಡುವ ಲೀಡರ್‌ಶಿಪ್ ಫೆಲೋಶಿಪ್ ಒಂದಕ್ಕೆ ಅರ್ಜಿ ಹಾಕಿದ್ದೆ. ಮೊದಲ ಸಲ ಅದು ವಾಪಸ್ ಬಂದಾಗ ಇಮೇಲ್ ನಾಲ್ಕೇ ಸಾಲಿತ್ತು. ಅರ್ಜಿಗಳು ಬಹಳ ಬಂದಿದ್ದವು, ಆಯ್ಕೆ ಕಷ್ಟವಾಯಿತು, ಶುಭವಾಗಲಿ. ಎರಡು ದಿನ ಬೇಜಾರು ಮಾಡಿಕೊಂಡೆ. ಮೂರನೇ ದಿನ ನಾನು ಕಳಿಸಿದ್ದ ಪ್ರಬಂಧವನ್ನು ತೆರೆದು ಓದಿದೆ. ಅರ್ಧಕ್ಕೆ ಬರುವಷ್ಟರಲ್ಲಿ ನನಗೇ ಆಕಳಿಕೆ ಬಂತು.

ಅದು ಶುರುವಾಗಿದ್ದು ಹೀಗೆ: "ಹವಾಮಾನ ಬದಲಾವಣೆ ಇಂದು ಮನುಕುಲ ಎದುರಿಸುತ್ತಿರುವ ಅತಿ ದೊಡ್ಡ ಸವಾಲು." ಪರಿಸರ ಕ್ಷೇತ್ರದವರೇ ಕೂತು ಓದುವ ಅರ್ಜಿಯಲ್ಲಿ ಈ ಪಾಠ ಯಾರಿಗೆ? ಅದರ ಹಿಂದೆಯೇ 1992ರ ರಿಯೊ ಸಮಾವೇಶ, 2015ರ ಪ್ಯಾರಿಸ್ ಒಪ್ಪಂದ ಎಲ್ಲ ಮೆರವಣಿಗೆ ಬಂದಿದ್ದವು. ಪ್ರಬಂಧಕ್ಕೆ ಐನೂರು ಪದಗಳ ಮಿತಿ. ಅದರಲ್ಲಿ 'ನಾನು' ಅನ್ನುವ ಪದ ಕಾಣಿಸಿಕೊಂಡಿದ್ದೇ ಇನ್ನೂರು ಪದ ದಾಟಿದ ಮೇಲೆ. ಆಮೇಲೂ ನಾನು ಹೋದ ಕಾರ್ಯಾಗಾರಗಳ ಪಟ್ಟಿ, ಅಷ್ಟೇ.

ಇನ್ನೊಂದು ತಪ್ಪೂ ಆಗಿತ್ತು. ಇಂಥ ಕಾರ್ಯಕ್ರಮಗಳೆಲ್ಲ ಒಂದೇ ಅಂದುಕೊಂಡಿದ್ದೆ. ಹಾಗಲ್ಲ. ಕಿನ್‌ಶಿಪ್ ಕನ್ಸರ್ವೇಶನ್ ಫೆಲೋಸ್ ಕಾರ್ಯಕ್ರಮದಲ್ಲಿ ಸಂರಕ್ಷಣೆಗೆ ಮಾರುಕಟ್ಟೆಯನ್ನು ಹೇಗೆ ಬಳಸಿಕೊಳ್ಳುತ್ತೀರಿ ಅನ್ನುವುದು ಮುಖ್ಯವಾಗಿತ್ತು. 1985ರಲ್ಲಿ ಶುರುವಾದ ಕನ್ಸರ್ವೇಶನ್ ಲೀಡರ್‌ಶಿಪ್ ಪ್ರೋಗ್ರಾಂ ತಂಡಗಳಿಗೆ ಅನುದಾನ ಕೊಡುತ್ತಿತ್ತು, ಅದಕ್ಕೆ ಅಪಾಯದಲ್ಲಿರುವ ಜೀವಿಗಳ ಮೇಲಿನ ಕೆಲಸ ಇರಬೇಕಿತ್ತು. ಸ್ವಿಟ್ಜರ್ ಫೆಲೋಶಿಪ್ ಅಮೆರಿಕದ ಕೆಲವು ಭಾಗಗಳಲ್ಲಿ ಸ್ನಾತಕೋತ್ತರ ಓದುತ್ತಿರುವವರಿಗೆ. ನನ್ನದು ಒಬ್ಬರದೇ ಅರ್ಜಿ, ಕೆಲಸ ನೀರಿನ ಗುಣಮಟ್ಟದ್ದು. ನನಗೆ ಹೊಂದದ ಕಡೆ ಹೋಗಿ ಬಾಗಿಲು ತಟ್ಟಿದ್ದೆ. ಎರಡನೇ ಸಲ ನಾಲ್ಕು ಕಾರ್ಯಕ್ರಮಗಳ ಅರ್ಹತೆಯ ಪುಟವನ್ನು ಅಕ್ಷರ ಬಿಡದೆ ಓದಿ, ಮೂರನ್ನು ಹೊಡೆದು ಹಾಕಿ, ಒಂದಕ್ಕೆ ಮಾತ್ರ ಬರೆದೆ. ಆ ಕಾರ್ಯಕ್ರಮದ ಹಳೆಯ ಫೆಲೋಗಳಲ್ಲಿ ಐದು ಜನರಿಗೆ ಇಮೇಲ್ ಹಾಕಿದೆ. ಉತ್ತರ ಕೊಟ್ಟವರು ಒಬ್ಬರೇ. ಅವರೂ ಸಲಹೆ ಕೊಡಲಿಲ್ಲ, ಒಂದು ಪ್ರಶ್ನೆ ಕೇಳಿದರು: "ನೀವು ಮಾಡಿದ ಕೆಲಸದಿಂದ ಬೇರೆಯವರು ಏನನ್ನು ಬೇರೆ ಥರ ಮಾಡೋಕೆ ಶುರು ಮಾಡಿದರು?"

ಒಂದು ವಾರ ಆ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಕೊನೆಗೆ ನೆನಪಾಗಿದ್ದು ಬಾಟಲಿಗಳು.

ನಮ್ಮ ಲ್ಯಾಬಿನವರು ನೀರು ಪರೀಕ್ಷಿಸುತ್ತಿದ್ದ ಒಂದು ಕೆರೆಯಲ್ಲಿ ಆಗಾಗ ಬೆಳಿಗ್ಗೆ ಮೀನು ಸತ್ತು ತೇಲುತ್ತಿದ್ದವು. ನಮ್ಮ ವರದಿಯಲ್ಲಿ ಮಾತ್ರ ಎಲ್ಲ ಚೆನ್ನಾಗಿತ್ತು. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 11 ಮಿಲಿಗ್ರಾಂ! 25 ಡಿಗ್ರಿ ಬಿಸಿಯ ನೀರು ಸಹಜವಾಗಿ ಹಿಡಿದಿಟ್ಟುಕೊಳ್ಳುವುದೇ ಸುಮಾರು 8 ಮಿಲಿಗ್ರಾಂ. ಅಷ್ಟು ಜಾಸ್ತಿ ಬಂತು ಅಂದರೆ ಖುಷಿ ಪಡುವ ಮಾತಲ್ಲ, ಪಾಚಿ ವಿಪರೀತ ಇದೆ ಅಂತ ಅರ್ಥ. ಪಾಚಿ ಹಗಲು ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೂ ಉಸಿರಾಡುತ್ತದೆ, ಮೀನೂ ಉಸಿರಾಡುತ್ತದೆ, ತಳದ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಕೂಡ. ಹೊತ್ತು ಮೂಡುವ ಮುಂಚೆ ಖಜಾನೆ ಖಾಲಿ. ನಮ್ಮ ವಾಹನ ಆಫೀಸಿನಿಂದ ಹೊರಡುತ್ತಿದ್ದುದು ಹತ್ತು ಗಂಟೆಗೆ, ಸ್ಯಾಂಪಲ್ ತೆಗೆಯುತ್ತಿದ್ದುದು ಹನ್ನೆರಡರ ಮೇಲೆ. ಕೆರೆ ಚೆನ್ನಾಗಿ ಕಾಣುವ ಹೊತ್ತಿಗೇ ನಾವು ನೋಡಲು ಹೋಗುತ್ತಿದ್ದೆವು.

ಇದು ಗೊತ್ತಾದ ತಕ್ಷಣ ನಾನು ಮಾಡಿದ ಕೆಲಸ ದಡ್ಡತನದ್ದು. ಮೀಟಿಂಗಿನಲ್ಲಿ ಎಲ್ಲರ ಮುಂದೆ ಗ್ರಾಫ್ ಹಾಕಿ, ಇಷ್ಟು ವರ್ಷದ ಲೆಕ್ಕವೇ ತಪ್ಪು ಅಂದುಬಿಟ್ಟೆ. ಆ ಲೆಕ್ಕವನ್ನೆಲ್ಲ ತೆಗೆದದ್ದು ನಮ್ಮ ಲ್ಯಾಬಿನ ಹಿರಿಯರು. ನಾಲ್ಕು ತಿಂಗಳು ಅವರು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಸ್ಯಾಂಪಲ್ ಹೊತ್ತೂ ಬದಲಾಗಲಿಲ್ಲ.

ಆಮೇಲೆ ಒಂದು ದಿನ ನಾನೇ ಹೋಗಿ ಕ್ಷಮೆ ಕೇಳಿದೆ. "ಒಂದೇ ಒಂದು ದಿನ ಬೆಳಿಗ್ಗೆ ಐದೂವರೆಗೆ ನನ್ನ ಜೊತೆ ಬನ್ನಿ ಸರ್" ಅಂದೆ. ಬಂದರು. ಆ ಕೆರೆಯಲ್ಲಿ ಮೀನಿಗೆ ಬಲೆ ಹಾಕುವ ಇಬ್ಬರೂ ಅಲ್ಲಿದ್ದರು. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನ 1888ರದು, ಆದರೂ ಕೆರೆ ದಡದಲ್ಲಿ ಅದರಷ್ಟು ಚೆನ್ನಾಗಿ ಮಾತಾಡುವ ಉಪಕರಣ ನಾನು ನೋಡಿಲ್ಲ. ಗಾಳಿ ಗುಳ್ಳೆ ಸೇರದ ಹಾಗೆ ಬಾಟಲಿ ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್ ಹಾಕಬೇಕು, ಆಮೇಲೆ ಕ್ಷಾರದ ಅಯೋಡೈಡ್. ಮುಚ್ಚಳ ಹಾಕಿ ತಲೆಕೆಳಗೆ ಮಾಡಿ ಅಲ್ಲಾಡಿಸಬೇಕು. ಆಮ್ಲಜನಕ ಇದ್ದರೆ ಕಂದು ಮಡ್ಡಿ ಕೂರುತ್ತದೆ. ಇಲ್ಲದಿದ್ದರೆ ಬಿಳಿ. ಆ ಬೆಳಿಗ್ಗೆ ಕೂತಿದ್ದು ಹೆಚ್ಚುಕಡಿಮೆ ಬಿಳಿ. ಮಧ್ಯಾಹ್ನ ಅದೇ ಜಾಗದಲ್ಲಿ ಇನ್ನೊಂದು ಬಾಟಲಿ ತುಂಬಿದೆವು, ಗಾಢ ಕಂದು. ಎರಡನ್ನೂ ಪಕ್ಕ ಪಕ್ಕ ಇಟ್ಟು ಅವರು ಬಹಳ ಹೊತ್ತು ನೋಡಿದರು. ಬಲೆಯವರೊಬ್ಬರು "ನಾವು ಹೇಳ್ತಿದ್ದಿದ್ದೂ ಇದೇ ಅಲ್ವಾ ಸರ್?" ಅಂದರು.

ವೇಳಾಪಟ್ಟಿ ಬದಲಾಯಿಸಲು ಪತ್ರ ಬರೆದವರು ನಾನಲ್ಲ, ಆ ಹಿರಿಯರು. ನಾನು ಮಾಡಿದ್ದು ಸಣ್ಣ ಕೆಲಸ. ಡ್ರೈವರ್‌ಗಳ ಪಾಳಿ ಹೊಂದಿಸಿದೆ, ನಸುಕಿನಲ್ಲಿ ಬಂದವರು ಮಧ್ಯಾಹ್ನ ಎರಡಕ್ಕೆ ಮನೆಗೆ ಹೋಗಬಹುದು ಅಂತ ಒಪ್ಪಿಗೆ ಪಡೆದೆ. ಈ ಒಪ್ಪಿಗೆ ಇಲ್ಲದಿದ್ದರೆ ಎರಡು ವಾರದಲ್ಲಿ ಎಲ್ಲ ಮತ್ತೆ ಹತ್ತು ಗಂಟೆಗೆ ಬಂದು ನಿಲ್ಲುತ್ತಿತ್ತು.

ಪ್ರಬಂಧದಲ್ಲಿ ಇದನ್ನಷ್ಟೇ ಬರೆದೆ. ಮೊದಲ ಸಾಲು: "ನಮ್ಮ ವಾಹನ ಹತ್ತು ಗಂಟೆಗೆ ಹೊರಡುತ್ತಿದ್ದ ಕಾರಣ, ಕೆರೆಯಲ್ಲಿ ಮೀನು ಯಾಕೆ ಸಾಯುತ್ತಿವೆ ಎಂದು ನಮಗೆ ಗೊತ್ತಾಗಲಿಲ್ಲ." ಸೋಲಿನ ಬಗ್ಗೆ ಬರೆಯಿರಿ ಅನ್ನುವ ಪ್ರಶ್ನೆಗೆ ಮೀಟಿಂಗಿನ ಕತೆಯನ್ನು ಇದ್ದದ್ದು ಇದ್ದ ಹಾಗೆ ಹಾಕಿದೆ. ಮೊದಲ ಸಲ ಅಲ್ಲಿ "ನಾನು ಅತಿಯಾಗಿ ದುಡಿಯುತ್ತೇನೆ" ಅಂತ ಬರೆದಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಶಿಫಾರಸು ಪತ್ರದ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಮೊದಲ ಸಲ ದೊಡ್ಡ ಹುದ್ದೆಯವರೊಬ್ಬರ ಹತ್ತಿರ ಬರೆಸಿದ್ದೆ. ಅವರು ನನ್ನನ್ನು ನೋಡಿದ್ದು ಎರಡೇ ಸಲ. "ಶ್ರಮಜೀವಿ, ಪ್ರಾಮಾಣಿಕ" ಅಂತ ಬರೆದಿದ್ದರು ಅಂತ ಆಮೇಲೆ ತಿಳಿಯಿತು. ಅವರ ತಪ್ಪಲ್ಲ, ಪಾಪ. ಇನ್ನೇನು ಬರೆಯಬೇಕಿತ್ತು? ಎರಡನೇ ಸಲ ಲ್ಯಾಬಿನ ಆ ಹಿರಿಯರನ್ನೇ ಕೇಳಿದೆ. ಗಡುವಿಗೆ ಆರು ವಾರ ಮುಂಚೆ ಹೋದೆ. ಕಾರ್ಯಕ್ರಮ ಏನು ಹುಡುಕುತ್ತಿದೆ, ನಾನು ಏನು ಬರೆಯುತ್ತಿದ್ದೇನೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಓದಿ, ಕನ್ನಡಕ ತೆಗೆದು, "ಜಗಳ ಆಡಿದ್ದನ್ನೂ ಬರೀಲಾ?" ಅಂದರು. "ಬರೀರಿ ಸರ್" ಅಂದೆ. ಏನು ಬರೆದರೋ ಇವತ್ತಿಗೂ ತೋರಿಸಿಲ್ಲ.

ಉಳಿದ ಕಾಗದಗಳಲ್ಲಿ ಹೆಚ್ಚು ಸತಾಯಿಸಿದ್ದು ಕೆಲಸದ ಕಡೆಯಿಂದ ಬೇಕಾದ ಒಪ್ಪಿಗೆ ಪತ್ರ. ತರಬೇತಿಗೆ ಹೋಗುವ ದಿನಗಳಿಗೆ ಬಿಡುವು ಕೊಡುತ್ತೇವೆ ಅಂತ ಅದರಲ್ಲಿ ಇರಬೇಕು. ಮೂರು ಟೇಬಲ್ ದಾಟಿ ಸಹಿಯಾಗಲು ಹತ್ತೊಂಬತ್ತು ದಿನ ಹಿಡಿಯಿತು. ಪ್ರಬಂಧ ಆಮೇಲೆ ಬರೆಯಿರಿ, ಇದನ್ನು ಮೊದಲು ಕೇಳಿ. ಗಡುವು ಯಾವ ದೇಶದ ಸಮಯದಲ್ಲಿದೆ ಅಂತಲೂ ನೋಡಿಕೊಳ್ಳಿ. ಅರ್ಜಿಯನ್ನು ಎರಡು ದಿನ ಮುಂಚೆ ಕಳಿಸಿದ್ದರಿಂದ ಆ ಗೊಂದಲದಲ್ಲಿ ನಾನು ಬಚಾವಾದೆ.

ಸಂದರ್ಶನ ವಿಡಿಯೊದಲ್ಲಿ ನಡೆಯಿತು, ಮೂರು ಜನ ಇದ್ದರು, ಅರ್ಧ ಗಂಟೆ. ದೊಡ್ಡ ದೊಡ್ಡ ಪ್ರಶ್ನೆ ಬರುತ್ತವೆ ಅಂತ ಕೆರೆ, ಜೌಗು ನೆಲಗಳನ್ನು ಉಳಿಸುವ ರಾಮ್ಸಾರ್ ಒಪ್ಪಂದದಿಂದ ಹಿಡಿದು ಎಲ್ಲ ಓದಿಕೊಂಡಿದ್ದೆ. ಒಂದನ್ನೂ ಕೇಳಲಿಲ್ಲ. ಹೆಚ್ಚು ಕೇಳಿದ್ದು ವಾಹನದ ಬಗ್ಗೆ, ಪಾಳಿಯ ಬಗ್ಗೆ, ಹಿರಿಯರ ಹತ್ತಿರ ಕ್ಷಮೆ ಕೇಳುವಾಗ ಏನಂದೆ ಅನ್ನುವುದರ ಬಗ್ಗೆ. ಒಂದು ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಪಾಚಿಗೆ ಗೊಬ್ಬರವಾಗುವ ರಂಜಕ ಕೆರೆಗೆ ಎಲ್ಲಿಂದ ಬರುತ್ತಿದೆ ಅಂತ ಲೆಕ್ಕ ಹಾಕಿದ್ದೀರಾ ಅಂದರು. ಇಲ್ಲ, ಆ ಲೆಕ್ಕ ಕಲಿಯಬೇಕು ಅಂತಲೇ ಅರ್ಜಿ ಹಾಕಿದ್ದೇನೆ ಅಂದೆ. ಸುಮ್ನೆ ಏನೋ ಹೇಳಿ ದಾಟಬಹುದಿತ್ತು. ಮೂವರಲ್ಲಿ ಒಬ್ಬರಾದರೂ ಹಿಡಿದುಬಿಡುತ್ತಿದ್ದರು.

ಮುಗಿಯುವ ಹೊತ್ತಿಗೆ ಅವರಲ್ಲೊಬ್ಬರು, "ಈಗ ಬೆಳಿಗ್ಗೆ ಸ್ಯಾಂಪಲ್ ತೆಗೆಯೋಕೆ ನೀವೇ ಹೋಗ್ತೀರಾ?" ಅಂದರು.

"ಇಲ್ಲ. ನಾನು ಹೋಗೋದು ಬಿಟ್ಟು ಎಂಟು ತಿಂಗಳಾಯ್ತು," ಅಂದೆ. "ಲ್ಯಾಬಿನವರೇ ಹೋಗ್ತಾರೆ."

ಅವರು ಏನೋ ಬರೆದುಕೊಂಡರು. ಮೂರು ವಾರದ ಮೇಲೆ ಬಂದ ಇಮೇಲ್ ಈ ಸಲ ಸ್ವಲ್ಪ ಉದ್ದ ಇತ್ತು.