ಪುಣೆಯಿಂದ ಗೋವಾಕ್ಕೆ ಕ್ಯಾರವಾನ್: ಮೊದಲ ಸಲ ಸಾಮಾನು ಕಟ್ಟಿದ್ದು ಹೀಗೆ

ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು, ಹಾಸಿಗೆ, ಒಲೆ, ಟಾಯ್ಲೆಟ್ ಎಲ್ಲ ಒಳಗೇ ಇರುವ ಬಾಡಿಗೆ ಗಾಡಿ, ಅದರ ಡ್ರೈವರ್. ಪುಣೆಯಿಂದ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಆಜರಾ, ಅಂಬೋಲಿ ಘಾಟ್, ಸಾವಂತವಾಡಿ ಹಾದು ಗೋವಾ. ಒಟ್ಟು ಐದು ದಿನ. ಹೊರದೇಶದವರು ಬರೆದ ಪಟ್ಟಿ ನೋಡಿಕೊಂಡು ಸಾಮಾನು ಕಟ್ಟಿದರೆ ನಮ್ಮ ಮನೆಗೆ ಹೊಂದುವುದಿಲ್ಲ. ಅವರಿಗೆ ಟಾಯ್ಲೆಟ್ಟಿಗೆ ಕಾಗದ ಸಾಕು, ಬೆಳಗ್ಗೆ ಬ್ರೆಡ್ಡು ಸಾಕು. ನಮಗೆ ನೀರು ಬೇಕು, ಒಗ್ಗರಣೆ ಬೇಕು. ಇವೆರಡರ ಲೆಕ್ಕ ಕೂಡಿದರೆ ಉಳಿದದ್ದು ತಾನೇ ಕೂಡುತ್ತದೆ.

ಮೊದಲು ನೀರು. ನಮ್ಮ ಗಾಡಿಯ ಟ್ಯಾಂಕು 100 ಲೀಟರಿನದು. ಕೇಳುವಾಗ ದೊಡ್ಡದು ಅನಿಸುತ್ತದೆ. ಒಬ್ಬರ ಸ್ನಾನಕ್ಕೆ ಅರ್ಧ ಬಕೆಟ್, ಅಂದರೆ 8 ಲೀಟರ್ ಹಿಡಿದರೂ ಮನೆಯ ನಾಲ್ವರಿಗೇ 32 ಲೀಟರ್. ಪಾತ್ರೆ ತೊಳೆಯಲು, ಕೈಬಾಯಿಗೆ 25. ಟಾಯ್ಲೆಟ್ಟಿಗೆ 10. ಒಂದೂವರೆ ದಿನಕ್ಕೆ ಟ್ಯಾಂಕು ಬರಿದು. ಹಾಗಾಗಿ ಗಾಡಿಯೊಳಗೆ ಸ್ನಾನ ಇಲ್ಲವೇ ಇಲ್ಲ ಎಂದು ಮೊದಲೇ ತೀರ್ಮಾನಿಸಿ, ಅಂಗಳದಲ್ಲಿ ಗಾಡಿ ನಿಲ್ಲಿಸಿ ಬಚ್ಚಲು ಬಳಸಲು ಒಪ್ಪಿದ ಹೋಮ್‌ಸ್ಟೇಗಳನ್ನೇ ಗೊತ್ತು ಮಾಡಿಕೊಂಡೆವು. ಕುಡಿಯಲು, ಅಡುಗೆಗೆ ಟ್ಯಾಂಕಿನ ನೀರು ಮುಟ್ಟಲಿಲ್ಲ. ಅದಕ್ಕೆ 20 ಲೀಟರಿನ ಎರಡು ಕ್ಯಾನ್, ಒಂದು ಕೈಪಂಪು. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಭಾರ. ಟ್ಯಾಂಕನ್ನು ಪುಣೆಯಲ್ಲೇ ತುಂಬಿಸಿಕೊಂಡು ಘಾಟ್ ಹತ್ತಿಸಬಾರದು. 25 ಲೀಟರ್ ಹಾಕಿಕೊಂಡು ಹೊರಟು, ತಂಗುವ ಕಡೆ ತುಂಬಿಕೊಂಡರೆ ಸಾಕು.

ತುಂಬಲು ಬೇಕಾದ ಸಾಮಾನೆಲ್ಲ ರವಿವಾರ ಪೇಟೆಯ ಬೋಹರಿ ಆಳಿಯಲ್ಲಿ ಸಿಗುತ್ತದೆ: ಅರ್ಧ ಇಂಚಿನ ಪೈಪು 10 ಮೀಟರ್, ಅರ್ಧ ಮತ್ತು ಮುಕ್ಕಾಲು ಇಂಚಿನ ನಲ್ಲಿ ಅಡಾಪ್ಟರ್, ಎರಡು ಕ್ಲಿಪ್ಪು, ಅವನ್ನು ಬಿಗಿಯಲು ಸ್ಕ್ರೂಡ್ರೈವರ್. ಹಳೇ ಮನೆಗಳ ನಲ್ಲಿಗೆ ತಿರುಪಿನ ಗೆರೆ ಇರುವುದಿಲ್ಲ, ಬಾಯಿ ಬೋಳಾಗಿರುತ್ತದೆ, ಅಡಾಪ್ಟರ್ ಕೂರುವುದೇ ಇಲ್ಲ. ಆಗ ಕೆಲಸಕ್ಕೆ ಬರುವುದು ನಾಲ್ಕು ಇಂಚಿನ ಸೈಕಲ್ ಟ್ಯೂಬಿನ ತುಂಡು. ಅದರ ಒಂದು ತುದಿಯನ್ನು ನಲ್ಲಿಯ ಬಾಯಿಗೆ ಏರಿಸಿ, ಇನ್ನೊಂದರೊಳಗೆ ಪೈಪು ತುರುಕಿ, ಎರಡೂ ಕಡೆ ಸುತಳಿಯಿಂದ ಬಿಗಿದರೆ ಒಂದು ಹನಿ ಸೋರುವುದಿಲ್ಲ. ಮೊದಲ ಅರ್ಧ ಬಕೆಟ್ ನೀರು ಹೊರಗೆ ಬಿಟ್ಟು ಆಮೇಲೆ ಟ್ಯಾಂಕಿಗೆ ಹಿಡಿಯಬೇಕು.

ಟಾಯ್ಲೆಟ್ಟಿನ ಬಗ್ಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಮೊದಲ ಸಲ ಹೋಗುವವರು ಸೋಲುವುದು ಇಲ್ಲೇ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಇಂಥ ಗಾಡಿಗಳಲ್ಲಿ ಕಮೋಡಿನ ಕೆಳಗೆ ಎಳೆದು ತೆಗೆಯುವ ಡಬ್ಬಿ ಇರುತ್ತದೆ, ಹೆಚ್ಚಿನವು 20 ಲೀಟರ್ ಒಳಗಿನವು. ಚೊಂಬಿನಲ್ಲಿ ತೊಳೆದುಕೊಂಡು ಫ್ಲಶ್ ಮಾಡಿದರೆ ಒಂದು ಸಲಕ್ಕೆ ಎರಡು ಲೀಟರ್ ಒಳಗೆ ಹೋಗುತ್ತದೆ. ಹತ್ತು ಸಲಕ್ಕೆ ಡಬ್ಬಿ ಭರ್ತಿ. ಐದು ಜನರಿಗೆ ಅದು ಒಂದು ದಿನವೂ ಬಾರದು. ಜೆಟ್ ಸ್ಪ್ರೇ ಇದ್ದರೆ ಅದರ ವಾಲ್ವ್ ಮುಚ್ಚಿ, ಅರ್ಧ ಲೀಟರಿನ ಹಿಸುಕುವ ಬಾಟಲಿ ಇಡಿ. ಮುಚ್ಚಳಕ್ಕೆ ಕಾಯಿಸಿದ ಸೂಜಿಯಿಂದ ಐದಾರು ತೂತು ಮಾಡಿದರೆ ಕಾಲು ಲೀಟರಿನಲ್ಲಿ ಕೆಲಸ ಮುಗಿಯುತ್ತದೆ. ಗಾಡಿಯ ಟಾಯ್ಲೆಟ್ ರಾತ್ರಿಗೆ ಮತ್ತು ಮಕ್ಕಳ ಅವಸರಕ್ಕೆ ಮಾತ್ರ. ಹಗಲಿಗೆ ಪೆಟ್ರೋಲ್ ಪಂಪು, ಹೋಟೆಲ್ಲು ಇವೆ.

ಡಬ್ಬಿ ಖಾಲಿ ಮಾಡುವುದು ತಂಗುವ ಮನೆಯ ಕಮೋಡಿಗೆ ಮಾತ್ರ, ಅದೂ ಬುಕಿಂಗ್ ಮಾಡುವಾಗಲೇ ಮನೆಯವರ ಒಪ್ಪಿಗೆ ಕೇಳಿಕೊಂಡು. ಗಟಾರಕ್ಕೆ, ಹಳ್ಳಕ್ಕೆ, ಪೊದೆಗೆ ಸುರಿಯುವುದು ಆ ಊರಿನವರಿಗೆ ಮಾಡುವ ದ್ರೋಹ. ವಾಸನೆ ತಡೆಯಲು ಡಬ್ಬಿಗೆ ಹಾಕುವ ದ್ರಾವಣದಲ್ಲಿ ಫಾರ್ಮಾಲಿನ್ ಇರಕೂಡದು. ಗೋವಾದ ಹಳ್ಳಿ ಮನೆಗಳಲ್ಲಿ ಸೆಪ್ಟಿಕ್ ಟ್ಯಾಂಕು ಸಾಮಾನ್ಯ, ಅದರಲ್ಲಿ ಮಲ ಕರಗಿಸುವ ಬ್ಯಾಕ್ಟೀರಿಯಾವನ್ನು ಫಾರ್ಮಾಲಿನ್ ಕೊಲ್ಲುತ್ತದೆ. ರಬ್ಬರ್ ಕೈಗವಸು ಎರಡು ಜೊತೆ, ಬೇರೆಯದೇ ಒಂದು ಮಗ್ಗು, ಬ್ರಷ್ಷು, ಡಬ್ಬಿ ತೊಳೆಯಲು ಬೇರೆಯದೇ ಎರಡು ಮೀಟರ್ ಪೈಪು. ಇವಿಷ್ಟಕ್ಕೂ ಕೆಂಪು ಟೇಪು ಸುತ್ತಿ, ಮುಚ್ಚಳವಿರುವ ಬಕೆಟ್ಟಿನಲ್ಲಿ ಹಿಂದಿನ ಡಿಕ್ಕಿಯಲ್ಲಿಡಿ. ಕುಡಿಯುವ ನೀರಿನ ಪೈಪಿನ ಜೊತೆ ಯಾವ ಕಾರಣಕ್ಕೂ ಸೇರಕೂಡದು.

ಅಡುಗೆಯಲ್ಲಿ ನಮ್ಮ ಉತ್ತರ ಕರ್ನಾಟಕದ ಊಟವೇ ಕೈಹಿಡಿಯಿತು. ಕಡಕ್ ಜೋಳದ ರೊಟ್ಟಿ 40, ಶೇಂಗಾ ಹಿಂಡಿ (ಚಟ್ನಿಪುಡಿ) ಅರ್ಧ ಕಿಲೋ, ಗುರೆಳ್ಳು ಹಿಂಡಿ ಕಾಲು ಕಿಲೋ. ಇವಕ್ಕೆ ಫ್ರಿಜ್ ಬೇಡ, ಒಲೆ ಬೇಡ. ರೊಟ್ಟಿಯನ್ನು ಅದೇ ಅಗಲದ ಸ್ಟೀಲ್ ಡಬ್ಬಿಯಲ್ಲಿ ಪೇರಿಸಿ, ಮೇಲೆ ಉಳಿದ ಜಾಗಕ್ಕೆ ಹಳೇ ಧೋತರದ ಬಟ್ಟೆ ಮಡಚಿ ತುರುಕಬೇಕು. ಅಲುಗಾಡಲು ಬಿಟ್ಟರೆ ಸಾವಂತವಾಡಿ ಮುಟ್ಟುವಷ್ಟರಲ್ಲಿ ಪುಡಿಯಾಗಿರುತ್ತದೆ. ಹುರಿದ ರವೆ ಒಂದು ಕಿಲೋ, ತೆಳು ಅವಲಕ್ಕಿ ಅರ್ಧ ಕಿಲೋ, ಅಕ್ಕಿ ಎರಡು ಕಿಲೋ, ತೊಗರಿಬೇಳೆ ಅರ್ಧ ಕಿಲೋ. ತರಕಾರಿ, ತೆಂಗಿನಕಾಯಿ, ಮೊಟ್ಟೆ ಹೋದಲ್ಲೇ ಕೊಳ್ಳುವುದು.

ಒಗ್ಗರಣೆಯನ್ನು ಮನೆಯಲ್ಲೇ ಮಾಡಿಕೊಂಡೆವು. ಕಾಲು ಲೀಟರ್ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಇಂಗು, ಒಣಮೆಣಸು, ಕರಿಬೇವು. ಕರಿಬೇವು ಚಟಪಟ ಸದ್ದು ಪೂರ್ತಿ ನಿಂತು, ಬೆರಳಲ್ಲಿ ಹಿಡಿದರೆ ಮುರಿಯುವಷ್ಟು ಗರಿಯಾಗಬೇಕು. ಎಲೆಯಲ್ಲಿ ತೇವ ಉಳಿದರೆ ಎಣ್ಣೆ ಕೆಡುತ್ತದೆ. ಆರಿಸಿ ಬಾಟಲಿಗೆ ಹಾಕಿ, ಒಣ ಚಮಚ ಮಾತ್ರ ಅದ್ದಬೇಕು. ಮುಚ್ಚಿದ ಗಾಡಿಯಲ್ಲಿ ಒಗ್ಗರಣೆ ಹಾಕಿದರೆ ಮೆಣಸಿನ ಘಾಟು ಹಾಸಿಗೆಗೆ ಹತ್ತಿ ರಾತ್ರಿಯಿಡೀ ಕೆಮ್ಮು.

ದೋಸೆ ಹಿಟ್ಟು ಒಯ್ಯುವವರಿಗೆ ಒಂದು ಮಾತು. ಕರಾವಳಿಯ ಸೆಕೆಯಲ್ಲಿ ಹಿಟ್ಟು ಬಲು ಬೇಗ ಉಕ್ಕುತ್ತದೆ. ಗಟ್ಟಿಯಾಗಿ ರುಬ್ಬಿ, ಡಬ್ಬಿಯ ಅರ್ಧಕ್ಕಷ್ಟೇ ತುಂಬಿ, ಡಬ್ಬಿಯನ್ನು ಅಂಚಿರುವ ತಟ್ಟೆಯಲ್ಲಿ ಕೂರಿಸಿ, ಹುಳಿ ಬರುವ ಮೊದಲೇ ಫ್ರಿಜ್ಜಿಗೆ ಸೇರಿಸಿ. ಎರಡನೇ ದಿನಕ್ಕೆ ಮುಗಿಸಿ.

ಮಿಕ್ಸರ್, ಇಂಡಕ್ಷನ್ ಒಲೆ ಮನೆಯಲ್ಲೇ ಇರಲಿ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 1,200 ವಾಟ್-ಅವರ್. ಲೆಡ್ ಆಸಿಡ್ ಬ್ಯಾಟರಿಯಾದರೆ ಅರ್ಧ ಮಾತ್ರ ಬಳಸಬೇಕು, ಇಲ್ಲದಿದ್ದರೆ ಅದರ ಆಯಸ್ಸು ಕುಗ್ಗುತ್ತದೆ. ಉಳಿಯುವ 600ರಲ್ಲಿ ಫ್ರಿಜ್ಜೇ ಬಹುಪಾಲು ತಿನ್ನುತ್ತದೆ. 2,000 ವಾಟಿನ ಇಂಡಕ್ಷನ್ನಿಗೆ ಅದು 18 ನಿಮಿಷದ ಮಾತು. ಎಸಿ ಬೇಕಾದರೆ ತಂಗುವ ಮನೆಯ 16 ಆಂಪಿಯರ್ ಸಾಕೆಟ್ಟಿನಿಂದ ಕರೆಂಟ್ ಎಳೆಯಬೇಕು. ಅದಕ್ಕೆ 2.5 ಚದರ ಮಿಲಿಮೀಟರಿನ ಮೂರು ಎಳೆಯ ಕೇಬಲ್ 20 ಮೀಟರ್. ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ. ಸುತ್ತಿದ ಹಾಗೇ ಬಿಟ್ಟರೆ ಕೇಬಲ್ ಕಾದು ಮೇಲಿನ ಪ್ಲಾಸ್ಟಿಕ್ ಕರಗುತ್ತದೆ.

ಒಲೆಗೆ 5 ಕಿಲೋದ ಸಿಲಿಂಡರ್, ಐಎಸ್‌ಐ ಗುರುತಿನ ರಬ್ಬರ್ ಟ್ಯೂಬು. ಜೋಡಿಸಿದ ಮೇಲೆ ಸಾಬೂನು ನೊರೆ ಹಚ್ಚಿ ಗುಳ್ಳೆ ಏಳುತ್ತದಾ ನೋಡಿ. ಗಾಡಿ ಓಡುವಾಗ ರೆಗ್ಯುಲೇಟರ್ ಬಂದ್. ಅಡುಗೆ ಮಾಡುವಾಗ ಮಾಡಿನ ಕಿಂಡಿ, ಬಾಗಿಲು ಎರಡೂ ತೆರೆದಿರಲಿ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. 2 ಕಿಲೋದ ಡ್ರೈ ಪೌಡರ್ ಬೆಂಕಿ ಆರಿಸುವ ಸಿಲಿಂಡರನ್ನು ಬಾಗಿಲ ಬಳಿ ಇಡಿ, ಅದರ ಮೀಟರಿನ ಮುಳ್ಳು ಹಸಿರಿನಲ್ಲಿದೆಯಾ ನೋಡಿ. ಗೋವಾದಲ್ಲಿ ಬೀಚಿಗೆ ಗಾಡಿ ಇಳಿಸುವುದು ಅಪರಾಧ, ಬೀಚಿನಲ್ಲಿ ಒಲೆ ಹೂಡಿ ಅಡುಗೆ ಮಾಡಿದರೂ ದಂಡ. ಮಡಚುವ ಒಲೆ ಒಯ್ಯುವವರು ಇದನ್ನು ತಿಳಿದಿರಬೇಕು.

ಬಟ್ಟೆಗೆ ಸೂಟ್‌ಕೇಸ್ ಬೇಡ, ಖಾಲಿಯಾದ ಮೇಲೂ ಜಾಗ ತಿನ್ನುತ್ತದೆ. ತಲೆಗೊಂದು ಮೆತ್ತನೆಯ ಚೀಲ, ನಾಲ್ಕು ಜೊತೆ ಬಟ್ಟೆ. ದಪ್ಪ ಟರ್ಕಿ ಟವೆಲ್ ಗೋವಾದ ತೇವದಲ್ಲಿ ಒಣಗದೆ ವಾಸನೆ ಹಿಡಿಯುತ್ತದೆ. ತೆಳು ಪಂಚೆಯೇ ಸರಿ. ಭಾರದ ಸಾಮಾನೆಲ್ಲ ಕೆಳಗೆ, ಚಕ್ರಗಳ ನಡುವೆ. ಮೇಲಿನ ಕಪಾಟಿನಲ್ಲಿ ಬಟ್ಟೆ, ಅವಲಕ್ಕಿ ಮಾತ್ರ. ಸಾತಾರಾಕ್ಕೆ ಮೊದಲು ಸಿಗುವ ಖಂಬಾಟ್ಕಿ ಘಾಟ್ ದಾಟಿದ ಮೇಲೆ ಒಮ್ಮೆ ನಿಲ್ಲಿಸಿ ಎಲ್ಲ ಕಪಾಟು ನೋಡಿ. ಸರಿಯಾಗಿ ಕಟ್ಟದ ಸಾಮಾನು ಅಷ್ಟರಲ್ಲಿ ಜಾಗ ಬಿಟ್ಟಿರುತ್ತದೆ. ತೆರೆಯುವಾಗ ಒಂದು ಕೈ ಬಾಗಿಲಿಗೆ ಒತ್ತಿ ಹಿಡಿದೇ ತೆರೆಯಬೇಕು.

ಡ್ರೈವರ್ ಎಲ್ಲಿ ಮಲಗುತ್ತಾರೆ ಎಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಿ. ಅವರಿಗೆ ಹೋಮ್‌ಸ್ಟೇಯಲ್ಲಿ ಒಂದು ಕೋಣೆ, ಇಲ್ಲವೇ ಚಾಪೆ, ಹೊದಿಕೆ, ಸೊಳ್ಳೆ ಪರದೆ ನಮ್ಮ ಪಟ್ಟಿಯಲ್ಲೇ ಇರಬೇಕು. ಮರುದಿನ ಅಂಬೋಲಿ ಇಳಿಸುವವರು ಅವರೇ, ನಿದ್ದೆ ಕೆಡಕೂಡದು. ಘಾಟಿನಲ್ಲಿ ಮಕ್ಕಳು ಮುಂದಕ್ಕೆ ಮುಖ ಮಾಡಿ ಬೆಲ್ಟ್ ಹಾಕಿ ಕೂರಲಿ. ಹಾಸಿಗೆ ನಿಂತ ಗಾಡಿಗೆ ಮಾತ್ರ.

ನಿಲ್ಲಿಸಿದ ಮೇಲೆ ಗಾಡಿ ವಾಲಿದೆಯಾ ತಿಳಿಯಲು ಸ್ಟೀಲ್ ತಟ್ಟೆಯಲ್ಲಿ ಅರ್ಧ ಬೆರಳು ನೀರು ಹಾಕಿ ಗಾಡಿಯೊಳಗಿನ ನೆಲಕ್ಕಿಡಿ. ನೀರು ಸರಿದ ಕಡೆಯ ಚಕ್ರದ ಕೆಳಗೆ ಒಂದಡಿ ಚೌಕದ ಪ್ಲೈವುಡ್ ಹಲಗೆ ಕೊಟ್ಟು ಏರಿಸಿ. ನಾಲ್ಕು ಹಲಗೆ, ಚಕ್ರ ಉರುಳದಂತೆ ಅಡ್ಡ ಕೊಡಲು ಎರಡು ಮರದ ಗುಟಕ ಸಾಕು. ಮರಳಿನಲ್ಲಿ ಚಕ್ರ ಹೂತರೂ ಇದೇ ಹಲಗೆ ಬೇಕು.

ಗಾಡಿಯ ಎತ್ತರವನ್ನು ಎಸಿ ಸಮೇತ ಟೇಪಿನಲ್ಲಿ ಅಳೆದು ಚೀಟಿ ಬರೆದು ಸ್ಟೇರಿಂಗ್ ಎದುರು ಅಂಟಿಸಿ. ಪಾರ್ಕಿಂಗಿನ ಅಡ್ಡಪಟ್ಟಿ, ಹಳ್ಳಿಯ ಬಾಗಿದ ಕೊಂಬೆ, ಇಳಿಬಿದ್ದ ಕೇಬಲ್ ಕಂಡಾಗ ಊಹೆಯ ಲೆಕ್ಕ ನಡೆಯದು. ಪ್ರತಿ ಸಲ ಹೊರಡುವ ಮುನ್ನ ಒಬ್ಬರೇ ಸುತ್ತು ಹಾಕಿ, ಕೈಯಲ್ಲಿ ಮುಟ್ಟಿ ನೋಡಿ: ಗ್ಯಾಸ್ ಬಂದ್, ಮಾಡಿನ ಕಿಂಡಿ ಮುಚ್ಚಿದೆ, ನೀರಿನ ಪಂಪ್ ಆಫ್, ಫ್ರಿಜ್ ಚಿಲಕ ಬಿದ್ದಿದೆ, ಮೆಟ್ಟಿಲು ಒಳಗೆ, ಗುಟಕ ತೆಗೆದಿದೆ, ಕೇಬಲ್ ಗೋಡೆಯ ಸಾಕೆಟ್ಟಿನಿಂದ ಕಿತ್ತು ಸುತ್ತಿಟ್ಟಿದೆ.